ಮಿಲಿಟರಿ ಡಾಕ್ಟರ್ ಆಗಬೇಕೆಂದರೆ ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕು?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮೇಲೆ ನಮ್ಮ ಪಿಯು ಕಾಲೇಜಿನಲ್ಲಿ ಮೂರು ವಾರ ಕಾಲಿಡಲು ಜಾಗ ಇರುವುದಿಲ್ಲ. ನಾನು ಪಾಠ ಮಾಡುವುದು ಜೀವಶಾಸ್ತ್ರ. ಆ ದಿನಗಳಲ್ಲಿ ಅರ್ಜಿ ನೋಡುವ ಮೇಜಿನ ಕೆಲಸವೂ ನನ್ನ ಪಾಲಿಗೆ ಬರುತ್ತದೆ. ಹೋದ ವರ್ಷ ಒಬ್ಬ ತಂದೆ ಮಗಳನ್ನು ಕರೆದುಕೊಂಡು ಬಂದಿದ್ದರು. ಹುಡುಗಿ ದುಂಡಗಿನ ಅಕ್ಷರದಲ್ಲಿ ಅರ್ಜಿ ಪೂರ್ತಿ ತುಂಬಿದ್ದಳು. ಕಾಂಬಿನೇಶನ್ ಬರೆಯುವ ಜಾಗ ಮಾತ್ರ ಖಾಲಿ. ಅಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದು ಅಳಿಸಿದ ಗುರುತಿತ್ತು.

"ಸರ್, ಇವಳು ಮಿಲಿಟರಿ ಡಾಕ್ಟರ್ ಆಗ್ತೀನಿ ಅಂತ ಹಟ ಹಿಡಿದಿದ್ದಾಳೆ. ಮಿಲಿಟರಿ ಅಂದ್ಮೇಲೆ ಮ್ಯಾಥ್ಸ್ ಬೇಕೇ ಬೇಕಲ್ವಾ? ಇವಳಿಗೆ ನೋಡಿದ್ರೆ ಮ್ಯಾಥ್ಸ್ ಅಂದ್ರೆ ಆಗಲ್ಲ" ಎಂದರು.

ಈ ಪ್ರಶ್ನೆಯನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಜನ ತಲೆಕೆಡಿಸಿಕೊಳ್ಳುವುದು ಗಣಿತದ ಬಗ್ಗೆ. ಆದರೆ ನಾನು ನೋಡಿದ ಮಟ್ಟಿಗೆ ಮಕ್ಕಳು ಎಡವುವುದು ಅಲ್ಲಲ್ಲ. ಯಾರೂ ಗಮನವನ್ನೇ ಕೊಡದ ಇಂಗ್ಲಿಷ್‌ನಲ್ಲಿ, ಇಲ್ಲವೇ ನಿಯಮದೊಳಗಿನ ಎರಡು ಸಣ್ಣ ಮಾತುಗಳಲ್ಲಿ. ಇದೆಲ್ಲ ತೀರ್ಮಾನವಾಗುವುದು ಮೆಡಿಕಲ್ ಪ್ರವೇಶಕ್ಕೆಂದು ನೀಟ್ ಬರೆಯುವ ದಿನ ಅಲ್ಲ, ಅದಕ್ಕೆ ಎರಡು ವರ್ಷ ಮೊದಲು, ಈ ಅರ್ಜಿ ತುಂಬುವಾಗಲೇ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಪಿಯುಸಿ ಮುಗಿದ ಕೂಡಲೇ ಸೇನೆಯ ಡಾಕ್ಟರ್ ಆಗಲು ಇರುವ ನೇರ ದಾರಿ ಪುಣೆಯ ಆರ್ಮ್ಡ್ ಫೋರ್ಸಸ್ ಮೆಡಿಕಲ್ ಕಾಲೇಜು. ಎಲ್ಲರೂ ಎಎಫ್‌ಎಂಸಿ ಎನ್ನುತ್ತಾರೆ. ಬಿ.ಸಿ. ರಾಯ್ ಸಮಿತಿಯ ಶಿಫಾರಸಿನಂತೆ 1948ರ ಮೇ 1ರಂದು ಶುರುವಾದ ಸಂಸ್ಥೆ ಇದು. ಎಂಬಿಬಿಎಸ್ ಕಲಿಸಲು ಆರಂಭಿಸಿದ್ದು 1962ರ ಆಗಸ್ಟ್‌ನಲ್ಲಿ. ವರ್ಷಕ್ಕೆ 150 ಸೀಟು. ಅದರಲ್ಲಿ 5 ಸೀಟು ಸ್ನೇಹ ದೇಶಗಳ ವಿದ್ಯಾರ್ಥಿಗಳಿಗೆ. ಉಳಿದ 145ರಲ್ಲಿ 115 ಹುಡುಗರಿಗೆ, 30 ಹುಡುಗಿಯರಿಗೆ. ನೀಟ್ ಬರೆಯುವವರು 20 ಲಕ್ಷಕ್ಕೂ ಜಾಸ್ತಿ. ಓದಲು ಫೀಸಿಲ್ಲ, ಊಟ ವಸತಿಗೂ ದುಡ್ಡು ಕೊಡಬೇಕಿಲ್ಲ. ಅದಕ್ಕೆ ಬದಲಾಗಿ, ಓದು ಮುಗಿದ ಮೇಲೆ ಸೇನೆಯಲ್ಲಿ ಅಧಿಕಾರಿಯಾಗಿ ಕೆಲಸ ಮಾಡುತ್ತೇನೆ ಎಂದು ಬಾಂಡ್ ಬರೆದುಕೊಡಬೇಕು.

ದೆಹಲಿಯಲ್ಲಿ ಆರ್ಮಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್ ಅಂತ ಇನ್ನೊಂದಿದೆ. ಹೆಸರು ಕೇಳಿ ಎರಡೂ ಒಂದೇ ಅಂದುಕೊಳ್ಳುವವರಿದ್ದಾರೆ. ಅದು ಸೈನಿಕರ ಮತ್ತು ಮಾಜಿ ಸೈನಿಕರ ಮಕ್ಕಳಿಗಾಗಿ ಇರುವ ಕಾಲೇಜು. ಅದರ ಲೆಕ್ಕವೇ ಬೇರೆ.

ಈಗ ವಿಷಯಕ್ಕೆ ಬರೋಣ. ಎಎಫ್‌ಎಂಸಿ ಕೇಳುವುದು ನಾಲ್ಕೇ ವಿಷಯ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್. ಜೀವಶಾಸ್ತ್ರದ ಬದಲು ಬಯೋಟೆಕ್ನಾಲಜಿ ಇದ್ದರೂ ನಡೆಯುತ್ತದೆ. ಗಣಿತವನ್ನೂ ಕೇಳುತ್ತಾರೆ, ಆದರೆ ಹತ್ತನೇ ತರಗತಿಯ ಮಟ್ಟದಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಪಾಸಾಗಿದ್ದರೆ ಆ ಷರತ್ತು ಅಲ್ಲಿಗೇ ಮುಗಿಯಿತು. ಇದನ್ನು ಹೇಳಿದಾಗ ಆ ಹುಡುಗಿ ಅಪ್ಪನ ಮುಖ ನೋಡಿದ್ದು ಇನ್ನೂ ಕಣ್ಣ ಮುಂದಿದೆ.

ಹಾಗಂತ ಗಣಿತ ಬಿಟ್ಟುಬಿಡಿ ಎಂದು ನಾನು ಕಣ್ಣುಮುಚ್ಚಿ ಹೇಳುವುದಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಮೊದಲು ಆ ಎರಡು ಸಣ್ಣ ಮಾತುಗಳನ್ನು ನೋಡಬೇಕು.

ಒಂದು, ಈ ವಿಷಯಗಳನ್ನು ಒಟ್ಟಿಗೇ ಓದಿ ಪಾಸಾಗಿರಬೇಕು ಎನ್ನುವುದು. ಪಿಸಿಎಂಸಿ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್ ವಿಜ್ಞಾನ ತೆಗೆದುಕೊಂಡ ಹುಡುಗನೊಬ್ಬನಿಗೆ ಎರಡನೇ ವರ್ಷದಲ್ಲಿ ಡಾಕ್ಟರ್ ಆಗುವ ಆಸೆ ಹುಟ್ಟಿತು ಅಂದುಕೊಳ್ಳಿ. ಆಮೇಲೆ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಕಟ್ಟಿ ಪಾಸು ಮಾಡಿಕೊಂಡರೆ ಅವನು ನೀಟ್ ಬರೆಯಬಹುದು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ನವೆಂಬರ್‌ನಲ್ಲಿ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಈ ಸುದ್ದಿ ಓದಿದ ಪೋಷಕರು "ಈಗ ಯಾವ ಕಾಂಬಿನೇಶನ್ ಆದ್ರೂ ಪರವಾಗಿಲ್ಲ, ಆಮೇಲೆ ಬಯಾಲಜಿ ಕಟ್ಟಿಸಿದ್ರಾಯ್ತು" ಎನ್ನುತ್ತಾರೆ. ಸಾಮಾನ್ಯ ಮೆಡಿಕಲ್ ಸೀಟಿನ ಮಟ್ಟಿಗೆ ಅದು ಸರಿ ಇರಬಹುದು. ಆದರೆ ನೀಟ್ ಬರೆಯುವ ಅರ್ಹತೆ ಬೇರೆ, ಎಎಫ್‌ಎಂಸಿ ಸೇರುವ ಅರ್ಹತೆ ಬೇರೆ. ಎಎಫ್‌ಎಂಸಿ ತನ್ನದೇ ನಿಯಮವನ್ನು ಅದರ ಮೇಲೆ ಇಟ್ಟುಕೊಂಡಿದೆ. ಅದು ಬರೀ ಮೆಡಿಕಲ್ ಸೀಟಲ್ಲ, ಅಧಿಕಾರಿಯ ನೇಮಕಾತಿಯೂ ಹೌದು. ಪುಣೆಯ ಆಸೆ ಮನಸ್ಸಿನ ಮೂಲೆಯಲ್ಲಿ ಇದ್ದರೂ ಮೊದಲ ದಿನದಿಂದಲೇ ಜೀವಶಾಸ್ತ್ರ ಕಾಂಬಿನೇಶನ್ನಿನ ಒಳಗೇ ಇರಲಿ.

ಎರಡು, ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು ಎನ್ನುವುದು. ಇದನ್ನು ಎಷ್ಟೋ ಜನ ತಪ್ಪಾಗಿ ತಿಳಿದುಕೊಂಡು ಸುಮ್ನೆ ಹೆದರುತ್ತಾರೆ. ಮೊದಲ ಪ್ರಯತ್ನ ಎಂದರೆ ಪಿಯುಸಿಯದ್ದು, ನೀಟ್‌ದಲ್ಲ. ನೀಟ್ ಎರಡನೇ ಸಲ ಬರೆದು ಎಎಫ್‌ಎಂಸಿ ಸೇರಲು ಏನೂ ಅಡ್ಡಿಯಿಲ್ಲ. ಲಾಂಗ್ ಟರ್ಮ್ ಕೋಚಿಂಗಿಗೆ ಹೋಗುವ ಮಕ್ಕಳು ಇದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ಆದರೆ ದ್ವಿತೀಯ ಪಿಯುಸಿಯಲ್ಲಿ ಒಂದು ವಿಷಯ ಹೋಯಿತು, ಆಮೇಲೆ ಮತ್ತೆ ಕಟ್ಟಿ ಪಾಸಾಯಿತು ಎಂದರೆ ತೊಂದರೆ. ಅದು ಇಂಗ್ಲಿಷ್ ಆದರೂ ಅಷ್ಟೇ.

ನಮ್ಮಲ್ಲಿ 2024ರಿಂದ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ಎಂದು ಮತ್ತೆ ಬರೆಯುವ ಅವಕಾಶ ಬಂದಿದೆ. ಮಕ್ಕಳಿಗೆ ಇದು ದೊಡ್ಡ ನೆಮ್ಮದಿ, ನಾನೂ ಖುಷಿಪಟ್ಟವನೇ. ಆದರೆ ಅದರ ಜೊತೆಗೆ ಒಂದು ಸಡಿಲತನವೂ ಬಂದಿದೆ. "ಪರೀಕ್ಷೆ-2 ಇದೆಯಲ್ಲ ಸರ್" ಎಂದು ಕೆಲವರು ಒಂದು ವಿಷಯವನ್ನು ಕೈಬಿಟ್ಟು ನೀಟ್ ಓದಿಗೆ ಕೂರುತ್ತಾರೆ. ಪುಣೆಗೆ ಹೋಗಬೇಕೆನ್ನುವ ಮಗು ಹಾಗೆ ಮಾಡಬಾರದು. ಎಲ್ಲ ವಿಷಯಗಳನ್ನೂ ಪರೀಕ್ಷೆ-1ರಲ್ಲೇ, ಬೇಕಾದಷ್ಟು ಅಂಕಗಳೊಂದಿಗೆ ಮುಗಿಸಿಕೊಂಡರೆ ಯಾವ ಪ್ರಶ್ನೆಯೂ ಏಳುವುದಿಲ್ಲ.

ಬೇಕಾದಷ್ಟು ಎಂದರೆ ಎಷ್ಟು? ಮೂರು ವಿಜ್ಞಾನ ವಿಷಯ ಸೇರಿ ಒಟ್ಟು ಶೇಕಡಾ 60. ಅದರ ಜೊತೆಗೆ ಆ ಮೂರರಲ್ಲಿ ಪ್ರತಿಯೊಂದರಲ್ಲೂ 50, ಇಂಗ್ಲಿಷ್‌ನಲ್ಲೂ 50. ಓದಲು ಸುಲಭ ಅನ್ನಿಸುತ್ತದೆ. ಮಾರ್ಕ್ಸ್ ಕಾರ್ಡ್ ಕೈಯಲ್ಲಿ ಹಿಡಿದಾಗ ಗೊತ್ತಾಗುತ್ತದೆ.

ಒಬ್ಬನಿಗೆ ಭೌತಶಾಸ್ತ್ರದಲ್ಲಿ 52, ರಸಾಯನಶಾಸ್ತ್ರದಲ್ಲಿ 58, ಜೀವಶಾಸ್ತ್ರದಲ್ಲಿ 66 ಬಂತು ಎನ್ನೋಣ. ಮೂರರಲ್ಲೂ 50 ದಾಟಿದ್ದಾನೆ. ಆದರೆ ಒಟ್ಟು 176. ಬೇಕಾದದ್ದು 300ಕ್ಕೆ 180. ನಾಲ್ಕು ಅಂಕ ಕಡಿಮೆ ಬಿತ್ತು. ಇನ್ನೊಬ್ಬಳಿಗೆ ಭೌತಶಾಸ್ತ್ರದಲ್ಲಿ 48, ರಸಾಯನಶಾಸ್ತ್ರದಲ್ಲಿ 75, ಜೀವಶಾಸ್ತ್ರದಲ್ಲಿ 90. ಒಟ್ಟು 213, ಅಂದರೆ ಶೇಕಡಾ 71. ಆದರೂ ಭೌತಶಾಸ್ತ್ರದ ಆ 48 ಅವಳನ್ನು ಹೊರಗಿಡುತ್ತದೆ. ಇಬ್ಬರಿಗೂ ಗಣಿತದಲ್ಲಿ, ಕನ್ನಡದಲ್ಲಿ 95 ಬಂದು 600ಕ್ಕೆ ಒಟ್ಟು ಅಂಕ ಚೆನ್ನಾಗಿಯೇ ಕಾಣುತ್ತಿರಬಹುದು. ಎಎಫ್‌ಎಂಸಿ ಆ 600ರ ಮೊತ್ತವನ್ನು ನೋಡುವುದಿಲ್ಲ. ಮನೆಯಲ್ಲಿ "ಫಸ್ಟ್ ಕ್ಲಾಸ್ ಬಂದಿದೆ" ಎಂದು ಸಿಹಿ ಹಂಚಿದ ಮೇಲೆ ಈ ಲೆಕ್ಕ ತಿಳಿದು ಮಂಕಾದ ಮುಖಗಳನ್ನು ನಾನು ನೋಡಿದ್ದೇನೆ. ಅದಕ್ಕೇ ಪ್ರಥಮ ಪಿಯುಸಿಯ ಮೊದಲ ಟೆಸ್ಟಿನಿಂದಲೇ ಈ ನಾಲ್ಕು ವಿಷಯಗಳ ಅಂಕಗಳನ್ನು ಬೇರೆಯಾಗಿ ಬರೆದಿಟ್ಟುಕೊಳ್ಳಿ ಎಂದು ಮಕ್ಕಳಿಗೆ ಹೇಳುತ್ತೇನೆ. ಪ್ರಾಕ್ಟಿಕಲ್ಸ್‌ನ 30 ಅಂಕವೂ ಇದರಲ್ಲಿ ಸೇರುತ್ತದೆ. ಹಾಗಾಗಿ ಲ್ಯಾಬ್ ತಪ್ಪಿಸಿ ಕೋಚಿಂಗಿಗೆ ಓಡುವುದು ಒಳ್ಳೆಯದಲ್ಲ.

ಇನ್ನು ಇಂಗ್ಲಿಷ್. ಇಲ್ಲಿ ಸ್ವಲ್ಪ ನಿಂತು ಮಾತಾಡಬೇಕು.

ಪಿಯುಸಿಯಲ್ಲಿ ಎರಡು ಭಾಷೆ. ಪುಣೆಗೆ ಹೋಗಬೇಕೆನ್ನುವವರಿಗೆ ಅದರಲ್ಲಿ ಒಂದು ಇಂಗ್ಲಿಷ್ ಆಗಿರಲೇಬೇಕು. ಇನ್ನೊಂದು ಕನ್ನಡವೋ ಸಂಸ್ಕೃತವೋ ಹಿಂದಿಯೋ, ಅದು ನಿಮ್ಮಿಷ್ಟ. ಹೆಚ್ಚಿನ ಮಕ್ಕಳು ಇಂಗ್ಲಿಷ್ ತೆಗೆದುಕೊಂಡೇ ಇರುತ್ತಾರೆ. ತೊಂದರೆ ಇರುವುದು ಅದನ್ನು ಓದುವ ರೀತಿಯಲ್ಲಿ. ನೀಟ್, ಸಿಇಟಿ ಎರಡಕ್ಕೂ ತಯಾರು ಮಾಡುತ್ತೇವೆ ಎನ್ನುವ ಕಾಲೇಜೊಂದರಲ್ಲಿ ನನ್ನ ಅಕ್ಕನ ಮಗ ಓದಿದ. ಅವನ ವೇಳಾಪಟ್ಟಿಯನ್ನು ಒಂದು ಸಲ ಕೈಗೆತ್ತಿಕೊಂಡು ನೋಡಿದೆ. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ. ಇಂಗ್ಲಿಷ್ ಇದ್ದದ್ದು ಶನಿವಾರ ಮಧ್ಯಾಹ್ನ ಊಟವಾದ ಮೇಲೆ, ಒಂದೇ ಪಿರಿಯಡ್. ಆ ಹೊತ್ತಿಗೆ ಎಷ್ಟು ಮಕ್ಕಳು ಎಚ್ಚರವಾಗಿರುತ್ತಾರೆ ಹೇಳಿ. "ಕೊನೆಯ ತಿಂಗಳು ನೋಡಿಕೊಂಡರೆ ಪಾಸಾಗ್ತಾರೆ ಸರ್" ಎಂದರು ಆ ಕಾಲೇಜಿನವರು. ಪಾಸಾಗುತ್ತಾರೆ, ನಿಜ. ಆದರೆ ಇಲ್ಲಿ ಪಾಸಿನ ಅಂಕ ಸಾಲದು, 50 ಬೇಕು. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ.

ನೀಟ್ ಅಂಕ ನೋಡಿ ಎಎಫ್‌ಎಂಸಿ ಸುಮಾರು ಒಂದೂವರೆ ಸಾವಿರದ ಆಸುಪಾಸಿನಷ್ಟು ಮಕ್ಕಳನ್ನು ಮುಂದಿನ ಹಂತಕ್ಕೆ ಕರೆಯುತ್ತದೆ. ಅಲ್ಲಿ ಟಿಒಇಎಲ್‌ಆರ್ ಎನ್ನುವ ಪರೀಕ್ಷೆ. ಇಂಗ್ಲಿಷ್ ಭಾಷೆ, ಓದಿ ಅರ್ಥಮಾಡಿಕೊಳ್ಳುವುದು, ತರ್ಕ, ಇವಿಷ್ಟನ್ನು ಅಳೆಯುತ್ತಾರೆ. ಕಂಪ್ಯೂಟರಿನ ಮುಂದೆ ಅರ್ಧ ಗಂಟೆ, 40 ಪ್ರಶ್ನೆ, ಒಂದಕ್ಕೆ 2 ಅಂಕ. ತಪ್ಪಾದರೆ ಅರ್ಧ ಅಂಕ ಕಳೆಯುತ್ತಾರೆ. ಈ 80 ಅಂಕವನ್ನು ನೀಟ್‌ನ 720ಕ್ಕೆ ಕೂಡಿಸುತ್ತಾರೆ. ಬಂದ 800ರ ಮೊತ್ತವನ್ನು 200ಕ್ಕೆ ಇಳಿಸಿ, ಅದಕ್ಕೆ ಸಂದರ್ಶನದ 50 ಅಂಕ ಸೇರಿಸಿ, ಒಟ್ಟು 250ಕ್ಕೆ ಅಂತಿಮ ಪಟ್ಟಿ ಮಾಡುವುದು ಈಚಿನ ವರ್ಷಗಳ ಪದ್ಧತಿ. ಮನಸ್ಸಿನ ಸ್ವಭಾವ ಅರಿಯುವ ಪರೀಕ್ಷೆಯೂ ಒಂದಿರುತ್ತದೆ.

ಈ ಲೆಕ್ಕದಲ್ಲಿ ಟಿಒಇಎಲ್‌ಆರ್‌ನ ಒಂದು ಅಂಕ ನೀಟ್‌ನ ಒಂದು ಅಂಕಕ್ಕೆ ಸಮ. ಇಂಗ್ಲಿಷ್‌ನಲ್ಲಿ ಹತ್ತು ಪ್ರಶ್ನೆ ಜಾಸ್ತಿ ಸರಿ ಮಾಡಿದ ಹುಡುಗಿ ನೀಟ್‌ನಲ್ಲಿ 20 ಅಂಕ ಹೆಚ್ಚು ತೆಗೆದ ಹುಡುಗಿಯ ಪಕ್ಕ ಬಂದು ನಿಲ್ಲುತ್ತಾಳೆ. ನೀಟ್‌ನಲ್ಲಿ ಆ 20 ಅಂಕ ಏರಿಸಲು ಮಕ್ಕಳು ಒಂದಿಡೀ ವರ್ಷ ಲಾಂಗ್ ಟರ್ಮ್ ಕೂರುತ್ತಾರೆ.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇದನ್ನು ಮೊದಲೇ ತಿಳಿದಿರಬೇಕು. ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತದೆ. ಟಿಒಇಎಲ್‌ಆರ್ ಹಾಗಲ್ಲ, ಅದು ಇಂಗ್ಲಿಷ್ ಪರೀಕ್ಷೆಯೇ. ಇದನ್ನು ಕೇಳಿ ಹಿಂಜರಿಯಬೇಡಿ. ಎರಡು ವರ್ಷ ಸಮಯ ಇದೆ. ದಿನಕ್ಕೆ ಇಪ್ಪತ್ತು ನಿಮಿಷ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ ಓದಿ, ಅದರಲ್ಲಿ ಏನಿದೆ ಎಂದು ನಾಲ್ಕು ಸಾಲು ಬರೆಯಿರಿ. ಪಠ್ಯಪುಸ್ತಕದ ಪದ್ಯ ಬಾಯಿಪಾಠ ಮಾಡಿದ್ದು ಪಿಯುಸಿಗೆ ಸಾಕಾಗಬಹುದು. ಆದರೆ ಗೊತ್ತಿಲ್ಲದ ಒಂದು ಪುಟವನ್ನು ಬೇಗ ಓದಿ ಅರ್ಥಮಾಡಿಕೊಳ್ಳುವುದು ಅಭ್ಯಾಸದಿಂದ ಮಾತ್ರ ಬರುತ್ತದೆ.

ಈಗ ಬಿಟ್ಟಿದ್ದ ಪ್ರಶ್ನೆಗೆ ಬರೋಣ. ಕಾಂಬಿನೇಶನ್ನಿನ ನಾಲ್ಕನೇ ವಿಷಯ ಯಾವುದು? ಗಣಿತ ಬೇಕಾ, ಬೇಡವಾ?

ಪಿಸಿಎಂಬಿ, ಅಂದರೆ ಮೂರು ವಿಜ್ಞಾನ ವಿಷಯಗಳ ಜೊತೆ ಗಣಿತ ತೆಗೆದುಕೊಂಡರೆ ಮೂರು ಬಾಗಿಲು ತೆರೆದಿರುತ್ತವೆ. ಮೆಡಿಕಲ್ ಅಂತೂ ಇದ್ದೇ ಇದೆ. ಸಿಇಟಿ ಬರೆದು ಎಂಜಿನಿಯರಿಂಗ್‌ಗೂ ಹೋಗಬಹುದು. ಮೂರನೆಯದು ಎನ್‌ಡಿಎ, ಸೇನೆಯ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿ. ಸೇನೆಯ ಸಮವಸ್ತ್ರವೇ ಮುಖ್ಯ, ಡಾಕ್ಟರ್ ಆಗದಿದ್ದರೂ ಸರಿ ಎನ್ನುವ ಮಕ್ಕಳಿಗೆ ಇದು ದೊಡ್ಡ ಮಾತು. ಎನ್‌ಡಿಎ ಲಿಖಿತ ಪರೀಕ್ಷೆಯಲ್ಲಿ ಗಣಿತಕ್ಕೇ 300 ಅಂಕದ ಪತ್ರಿಕೆ ಇದೆ. ವಾಯುಪಡೆ, ನೌಕಾಪಡೆಗೆ ಪಿಯುಸಿಯಲ್ಲಿ ಗಣಿತ ಓದಿರಲೇಬೇಕು. "ಮಿಲಿಟರಿ ಅಂದ್ಮೇಲೆ ಮ್ಯಾಥ್ಸ್ ಬೇಕು" ಎನ್ನುವ ಮಾತು ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಎನ್‌ಡಿಎಗೆ ಹೇಳುವ ಮಾತನ್ನು ಜನ ಎಎಫ್‌ಎಂಸಿಗೂ ಅಂಟಿಸಿಬಿಟ್ಟಿದ್ದಾರೆ.

ಆದರೆ ಗಣಿತ ಹೊತ್ತು ತಿನ್ನುವ ವಿಷಯ. ಅದರಲ್ಲೇ ಒದ್ದಾಡುವ ಮಗುವಿಗೆ ದಿನದ ಎರಡು ಗಂಟೆ ಅಲ್ಲೇ ಹೋಗುತ್ತದೆ. ಬೋರ್ಡ್ ಪರೀಕ್ಷೆಯಲ್ಲಿ ಗಣಿತ ಹೋಯಿತೆಂದರೆ ಪಿಯುಸಿಯೇ ಮೊದಲ ಪ್ರಯತ್ನದಲ್ಲಿ ಪಾಸಾಗಲಿಲ್ಲ ಎಂದಾಯಿತು. ಬೇಕಿಲ್ಲದ ವಿಷಯವೊಂದು ಬೇಕಾದ ದಾರಿಯನ್ನೇ ಮುಚ್ಚಿತು ಎಂದಾದರೆ ಎಷ್ಟು ಸಂಕಟ ಅಲ್ವಾ? ಅಂಥ ಮಕ್ಕಳಿಗೆ ಗಣಿತದ ಬದಲು ಗೃಹವಿಜ್ಞಾನ, ಮನಃಶಾಸ್ತ್ರದಂಥ ವಿಷಯ ಇರುವ ಕಾಂಬಿನೇಶನ್ ಒಳ್ಳೆಯದು. ಇಂಥ ಕಾಂಬಿನೇಶನ್ ಕೊಡುವ ಕಾಲೇಜು ಕಡಿಮೆ. ಹುಡುಕಬೇಕಾಗುತ್ತದೆ, ಕೆಲವೊಮ್ಮೆ ಊರು ಬಿಟ್ಟು ಹೋಗಬೇಕಾಗುತ್ತದೆ.

ಗಣಿತ ಬಿಟ್ಟವರಿಗೆ ಒಂದು ಎಚ್ಚರಿಕೆ. ಕಾಂಬಿನೇಶನ್ನಿನಿಂದ ಗಣಿತ ಹೋದರೂ ಭೌತಶಾಸ್ತ್ರದೊಳಗಿನ ಗಣಿತ ಎಲ್ಲೂ ಹೋಗುವುದಿಲ್ಲ. ನೀಟ್‌ನಲ್ಲಿ ಜೀವಶಾಸ್ತ್ರಕ್ಕೆ 360 ಅಂಕ, ಭೌತಶಾಸ್ತ್ರಕ್ಕೆ 180, ರಸಾಯನಶಾಸ್ತ್ರಕ್ಕೆ 180. ಭೌತಶಾಸ್ತ್ರದ ಪ್ರಶ್ನೆ ಬಿಡಿಸಲು ತ್ರಿಕೋನಮಿತಿ, ವೆಕ್ಟರ್, ಲಾಗರಿದಮ್, ಸ್ವಲ್ಪ ಮಟ್ಟಿಗೆ ಕ್ಯಾಲ್ಕುಲಸ್ ಬೇಕು. ಗಣಿತ ತರಗತಿಯಲ್ಲಿ ಕೂರುವ ಮಕ್ಕಳು ಇದನ್ನು ಅಲ್ಲೇ ಕಲಿಯುತ್ತಾರೆ. ಕೂರದವರು ಪ್ರಥಮ ಪಿಯುಸಿಯ ಮೊದಲ ಎರಡು ತಿಂಗಳಲ್ಲಿ ಭೌತಶಾಸ್ತ್ರದ ಮೇಷ್ಟ್ರ ಹತ್ತಿರ ಕೂತು ಕಲಿತುಬಿಡಬೇಕು. ಅಂಥವರು ನಾಲ್ಕೈದು ಮಂದಿ ಸಂಜೆ ಹೊತ್ತು ಸಣ್ಣ ಗುಂಪು ಮಾಡಿಕೊಂಡರೂ ಸಾಕು. ಹತ್ತು ಹದಿನೈದು ತರಗತಿಗಳಲ್ಲಿ ಬೇಕಾದಷ್ಟು ಬಂದುಬಿಡುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ತಾನೇ ಲೆಕ್ಕ ಬಿಡಿಸಿ ಒಳ್ಳೆಯ ಅಂಕ ತೆಗೆದ ಮಗು ಪಿಸಿಎಂಬಿ ತೆಗೆದುಕೊಳ್ಳಲಿ. 145 ಸೀಟಿನ ಮೇಲೆ ಮಾತ್ರ ಬದುಕನ್ನು ಇಡುವುದು ಸರಿಯಲ್ಲ, ಇನ್ನೊಂದು ದಾರಿ ಕೈಯಲ್ಲಿರಲಿ. ಟ್ಯೂಷನ್ನಿನ ಬಲದಿಂದ, ಮಾದರಿ ಪ್ರಶ್ನೆ ಬಾಯಿಪಾಠ ಮಾಡಿ ದಡ ಸೇರಿದ ಮಗುವಾದರೆ ಗಣಿತವನ್ನು ಧೈರ್ಯವಾಗಿ ಬಿಡಿ. ಅಂಕ ನೋಡಿ ಇದನ್ನು ತೀರ್ಮಾನಿಸಲು ಆಗುವುದಿಲ್ಲ. ಮಗುವನ್ನೇ ಕೇಳಬೇಕು, ಉತ್ತರ ಹೇಳಲು ಬಿಡಬೇಕು.

ಉಳಿದ ಷರತ್ತುಗಳನ್ನು ಬೇಗ ಹೇಳಿಬಿಡುತ್ತೇನೆ. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿರಬೇಕು, 24 ದಾಟಿರಬಾರದು. ನೀಟ್‌ಗೆ ಈಗ ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಆದರೆ ಇಲ್ಲಿ ಇದೆ. ಮದುವೆಯಾಗಿರಬಾರದು. ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ ಕಣ್ಣು, ಕಿವಿ, ಮೂಳೆ, ತೂಕ ಎಲ್ಲವನ್ನೂ ನೋಡುತ್ತಾರೆ. ಬಣ್ಣ ಗುರುತಿಸುವ ಶಕ್ತಿಯನ್ನೂ ನೋಡುತ್ತಾರೆ. ಅದಕ್ಕೇ ಪ್ರಥಮ ಪಿಯುಸಿಯಲ್ಲೇ ಒಮ್ಮೆ ಕಣ್ಣಿನ ಡಾಕ್ಟರ ಹತ್ತಿರ ತೋರಿಸಿಕೊಳ್ಳುವುದು ಒಳ್ಳೆಯದು.

ಅರ್ಜಿಯ ಬಗ್ಗೆ ಒಂದು ಮಾತು. ನಮ್ಮ ರಾಜ್ಯದ ಪೋಷಕರಿಗೆ ರಾಜ್ಯ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್ ಚೆನ್ನಾಗಿ ಗೊತ್ತು. ಎಎಫ್‌ಎಂಸಿ ಅದರಲ್ಲಿ ಬರುವುದಿಲ್ಲ. ನೀಟ್ ಫಲಿತಾಂಶದ ಮೇಲೆ ಕೇಂದ್ರದ ಮೆಡಿಕಲ್ ಕೌನ್ಸೆಲಿಂಗ್ ಸಮಿತಿಯ (ಎಂಸಿಸಿ) ಜಾಲತಾಣದಲ್ಲಿ ಬೇರೆಯಾಗಿ ನೋಂದಾಯಿಸಿ, ಎಎಫ್‌ಎಂಸಿ ಬೇಕು ಎಂದು ಅಲ್ಲಿ ತಿಳಿಸಬೇಕು. ಆ ದಿನಗಳು ದಾಟಿದರೆ 700 ಅಂಕ ಬಂದಿದ್ದರೂ ಪುಣೆಯಿಂದ ಕರೆ ಬರುವುದಿಲ್ಲ. ಆ ವರ್ಷದ ಪ್ರಕಟಣೆಯನ್ನು ಎಎಫ್‌ಎಂಸಿ ಜಾಲತಾಣದಲ್ಲಿ ಸಾಲು ಸಾಲಾಗಿ ಓದಿ. ಯಾರೋ ಹೇಳಿದ್ದನ್ನು, ನಾನು ಹೇಳಿದ್ದನ್ನೂ ಸೇರಿಸಿ, ಅದರ ಜೊತೆ ತಾಳೆ ನೋಡಿ.

ಹುಡುಗಿಯರಿಗೆ ಸೀಟು 30 ಮಾತ್ರ. ಹಾಗಾಗಿ ಅವರಿಗೆ ಬೇಕಾಗುವ ನೀಟ್ ಅಂಕ ಹುಡುಗರಿಗಿಂತ ಮೇಲೆ ಹೋಗುತ್ತದೆ. ಇದನ್ನು ಹೇಳುವಾಗ ನನಗೆ ಬೇಜಾರಾಗುತ್ತದೆ, ಆದರೆ ಮುಚ್ಚಿಡಬಾರದು. ಇದೇ ಕಾಲೇಜಿನಲ್ಲಿ ಓದಿದ ಆರತಿ ಸರಿನ್ 2024ರ ಅಕ್ಟೋಬರ್‌ನಲ್ಲಿ ಮೂರೂ ಪಡೆಗಳ ವೈದ್ಯಕೀಯ ಸೇವೆಗೆ ಮುಖ್ಯಸ್ಥೆಯಾದರು. ಆ ಹುದ್ದೆಗೆ ಬಂದ ಮೊದಲ ಹೆಣ್ಣುಮಗಳು ಅವರು. ಇದನ್ನೂ ಆ ದಿನ ಹುಡುಗಿಗೆ ಹೇಳಿದೆ.

ಪುಣೆ ಸಿಗದಿದ್ದರೆ? ಆ ತಂದೆಯೂ ಇದನ್ನೇ ಕೇಳಿದರು. ಅದೇ ಭೌತ, ರಸಾಯನ, ಜೀವಶಾಸ್ತ್ರ, ಇಂಗ್ಲಿಷ್ ಇಟ್ಟುಕೊಂಡು ಹುಡುಗಿಯರು ಮಿಲಿಟರಿ ನರ್ಸಿಂಗ್ ಸೇವೆಯ ಬಿಎಸ್ಸಿ ನರ್ಸಿಂಗ್‌ಗೆ ಹೋಗಬಹುದು. ಮುಂದಿನ ಹಂತಕ್ಕೆ ಕರೆಯಲು ಅಲ್ಲೂ ನೀಟ್ ಅಂಕ ನೋಡುತ್ತಾರೆ. ಅದರ ಕಾಲೇಜುಗಳಲ್ಲಿ ಒಂದು ನಮ್ಮ ಬೆಂಗಳೂರಿನ ವಾಯುಪಡೆ ಕಮಾಂಡ್ ಆಸ್ಪತ್ರೆಯಲ್ಲೇ ಇದೆ. ಅಲ್ಲೂ ಪಿಯುಸಿ ಮೊದಲ ಪ್ರಯತ್ನದಲ್ಲೇ ಪಾಸಾಗಿರಬೇಕು. ಇನ್ನೊಂದು ದಾರಿ, ಯಾವುದಾದರೂ ಸಾಮಾನ್ಯ ಕಾಲೇಜಿನಲ್ಲಿ ಎಂಬಿಬಿಎಸ್, ಇಂಟರ್ನ್‌ಶಿಪ್ ಮುಗಿಸಿ ಶಾರ್ಟ್ ಸರ್ವೀಸ್ ಕಮಿಷನ್‌ಗೆ, ಅಂದರೆ ಕೆಲವು ವರ್ಷಗಳ ಮಟ್ಟಿಗೆ ಸೇನೆಯ ಅಧಿಕಾರಿಯಾಗುವ ಕೆಲಸಕ್ಕೆ, ಅರ್ಜಿ ಹಾಕುವುದು. ಪಿಸಿಎಂಸಿ ಓದಿ ಆಮೇಲೆ ಜೀವಶಾಸ್ತ್ರ ಕಟ್ಟಿದವರಿಗೂ ಈ ದಾರಿಯಲ್ಲಿ ಆಸೆ ಉಳಿಯುತ್ತದೆ. ಆದರೆ ಅಲ್ಲೂ ಪ್ರಯತ್ನದ ಲೆಕ್ಕ ಬಿಡುವುದಿಲ್ಲ. ಕೊನೆಯ ವರ್ಷದ ಎಂಬಿಬಿಎಸ್ ಪರೀಕ್ಷೆಗೆ ಎರಡಕ್ಕಿಂತ ಜಾಸ್ತಿ ಅವಕಾಶ ತೆಗೆದುಕೊಂಡವರನ್ನು ಪರಿಗಣಿಸುವುದಿಲ್ಲ.

ಅಷ್ಟು ಕೇಳಿ ಹುಡುಗಿ ಪೆನ್ನು ತೆಗೆದಳು. ನಮ್ಮಲ್ಲಿ ಜೀವಶಾಸ್ತ್ರ ಇರುವುದು ಪಿಸಿಎಂಬಿಯಲ್ಲಿ ಮಾತ್ರ. ಗಣಿತ ಬೇಡ ಎಂದಾದರೆ ಜಿಲ್ಲಾ ಕೇಂದ್ರದ ಕಾಲೇಜಿಗೆ ಹೋಗಬೇಕು, ದಿನಕ್ಕೆ ಒಂದೂವರೆ ಗಂಟೆ ಬಸ್ಸು. "ಹೋಗ್ತೀನಿ ಸರ್" ಎಂದಳು. ಅವರಪ್ಪ ಅರ್ಜಿಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡು, ಅಲ್ಲಿ ಅರ್ಜಿ ಕೊಡಲು ಕೊನೆಯ ದಿನ ಯಾವತ್ತು ಎಂದು ಕೇಳಿದರು. ನಾನು ಆ ಕಾಲೇಜಿಗೆ ಫೋನ್ ಹಚ್ಚಿದೆ.